97 ದೊಡ್ಡದೋ, 73 ದೊಡ್ಡದೋ?

ರೋಗಪತ್ತೆಗೆಂದು ಆಪ್, ಕಿಟ್, ಯಂತ್ರ ಕಟ್ಟಲು ಹೊರಟಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಕಳೆದ ತಿಂಗಳು ಒಂದು ಕಾಲೇಜಿನವರು ಪ್ರಾಜೆಕ್ಟ್ ಪ್ರದರ್ಶನಕ್ಕೆ ತೀರ್ಪುಗಾರಳಾಗಿ ಬನ್ನಿ ಎಂದು ಕರೆದಿದ್ದರು. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಫದ ಸ್ಲೈಡು ನೋಡಿ ನಿವೃತ್ತಳಾದವಳನ್ನು ಎಂಜಿನಿಯರುಗಳು ಯಾಕೆ ಕರೆದರೋ, ಬರಬೇಕಿದ್ದ ಡಾಕ್ಟರು ಕೈಕೊಟ್ಟಿರಬೇಕು. ಹನ್ನೆರಡನೇ ಟೇಬಲ್ಲಿನ ಹಿಂದೆ ನಾಲ್ವರು ನಿಂತಿದ್ದರು. ಒಬ್ಬ ಹುಡುಗ ಫೋನನ್ನು ನನ್ನ ಬಾಯಿ ಹತ್ತಿರ ಹಿಡಿದು, "ಮೇಡಂ, ಒಂದ್ಸಲ ಕೆಮ್ಮಿ" ಅಂದ. ಕೆಮ್ಮಿದೆ. ಹಸಿರು ಬಣ್ಣದಲ್ಲಿ "ಟಿಬಿ ಇಲ್ಲ" ಎಂದು ಬಂತು. ಹಿಂದಿನ ಪೋಸ್ಟರಿನಲ್ಲಿ ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು: ನಿಖರತೆ 97%.

ನನಗೆ ನಿಜಕ್ಕೂ ಸಂತೋಷವಾಯಿತು. ಕಫದ ಡಬ್ಬಿ ಇಲ್ಲ, ಬಣ್ಣ ಇಲ್ಲ, ಆಸಿಡ್ ಇಲ್ಲ, ಕೆಮ್ಮಿದರೆ ಸಾಕು. ಇದೇನಾದರೂ ನಿಜವಾದರೆ ನಾನು ಕಳೆದ ಮೂವತ್ತೊಂದು ವರ್ಷ ಇತಿಹಾಸ ಸೇರುತ್ತದೆ, ಸೇರಲಿ. ಎರಡನೇ ಬಹುಮಾನ ಕೊಟ್ಟೆವು. ಆ ಹುಡುಗರು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಬಸ್ಸು ಹತ್ತಿ ಕೂತ ಮೇಲೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಅದೇ ಹಾಲಿನಲ್ಲಿ ಉಗುರಿನ ಫೋಟೋ ನೋಡಿ ರಕ್ತಹೀನತೆ ಹೇಳುವ ಆಪ್ ಇತ್ತು, ಉಸಿರು ಊದಿದರೆ ಸಕ್ಕರೆ ಕಾಯಿಲೆ ಹೇಳುವ ಡಬ್ಬಿ ಇತ್ತು. ಒಬ್ಬರದು 96, ಇನ್ನೊಬ್ಬರದು 98. ಯಾರಿಗೂ ತೊಂಬತ್ತಕ್ಕಿಂತ ಕಡಿಮೆ ಬಂದಿರಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ. ಆದ್ದರಿಂದ ಈ ಪತ್ರ ಆ ನಾಲ್ವರಿಗಷ್ಟೇ ಅಲ್ಲ, ನಿಮಗೆಲ್ಲರಿಗೂ.

ಅವತ್ತು ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದೆ: ಕೆಮ್ಮು ಎಲ್ಲಿಂದ ತಂದಿರಪ್ಪಾ? ಹುಡುಗಿ ಹೆಮ್ಮೆಯಿಂದ ಹೇಳಿದಳು. ಟಿಬಿ ಇರುವವರ ಕೆಮ್ಮನ್ನು ಆಸ್ಪತ್ರೆಯ ವಾರ್ಡಿನಲ್ಲಿ ರೆಕಾರ್ಡ್ ಮಾಡಿಕೊಂಡೆವು, ಟಿಬಿ ಇಲ್ಲದವರದನ್ನು ನಮ್ಮ ಹಾಸ್ಟೆಲಿನಲ್ಲಿ. ವಾರ್ಡಿನ ರೆಕಾರ್ಡಿಂಗ್ ಒಂದನ್ನು ಕೇಳಿಸಿದಳು ಕೂಡ. ಕೆಮ್ಮಿನ ಹಿಂದೆ ಕಟಕಟ ಎಂದು ಫ್ಯಾನು ತಿರುಗುತ್ತಿತ್ತು. ಆ ಫ್ಯಾನನ್ನು ನಾನು ಬಲ್ಲೆ, ಸರ್ಕಾರಿ ಆಸ್ಪತ್ರೆಯ ಯಾವ ವಾರ್ಡಿಗೆ ಹೋದರೂ ಅದು ಇರುತ್ತದೆ. ಹಾಸ್ಟೆಲಿನ ರೆಕಾರ್ಡಿಂಗಿನಲ್ಲಿ ಅದು ಇರಲಿಲ್ಲ.

ನಿಮ್ಮ ಕಂಪ್ಯೂಟರ್ ಕಲಿತದ್ದು ಟಿಬಿಯನ್ನೋ ಫ್ಯಾನನ್ನೋ?

ತಮಾಷೆಗೆ ಹೇಳುತ್ತಿಲ್ಲ. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳಲು ಅಮೆರಿಕದಲ್ಲಿ ಕಂಪ್ಯೂಟರಿಗೆ ಕಲಿಸಿದ್ದರು. 2018ರಲ್ಲಿ ಅದನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ತಿಳಿದದ್ದು, ಚಿತ್ರ ಯಾವ ಆಸ್ಪತ್ರೆಯಿಂದ ಬಂತು ಎಂಬುದನ್ನೂ ಆ ಕಂಪ್ಯೂಟರ್ ಗುರುತಿಸಿಬಿಡುತ್ತದೆ ಎಂದು. ಯಾವ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ ಅಂತ ಗೊತ್ತಿದ್ದರೆ ಶ್ವಾಸಕೋಶ ನೋಡುವ ಕಷ್ಟ ಯಾಕೆ? ತಾನು ಕಲಿತ ಆಸ್ಪತ್ರೆಗಳಲ್ಲಿ ಚೆನ್ನಾಗಿ ಹೇಳುತ್ತಿದ್ದದ್ದು ಹೊರಗಿನ ಆಸ್ಪತ್ರೆಗೆ ಒಯ್ದಾಗ ಮಂಕಾಯಿತು.

ಸರಿ, ಫ್ಯಾನು ಆರಿಸಿ ರೆಕಾರ್ಡ್ ಮಾಡಿದಿರಿ ಅನ್ನಿ. ಆಗಲೂ ಇನ್ನೊಂದು ತೊಡಕು ಉಳಿಯುತ್ತದೆ, ಅದು ಫ್ಯಾನಿಗಿಂತ ದೊಡ್ಡದು. ವಾರ್ಡಿನಲ್ಲಿ ಮಲಗಿರುವವರು ಕಾಯಿಲೆ ಬಲಿತವರು. ಹಾಸ್ಟೆಲಿನವರು ಇಪ್ಪತ್ತರ ಗಟ್ಟಿಮುಟ್ಟು ಮಕ್ಕಳು, ಕೆಮ್ಮೆಂದರೆ ಬೇಕೆಂದೇ ಕೆಮ್ಮಿದವರು. ಈ ಇಬ್ಬರನ್ನು ಬೇರೆ ಮಾಡಲು ಆಪ್ ಯಾಕೆ ಬೇಕು? ನಮ್ಮ ಆಸ್ಪತ್ರೆಯ ವಾಚ್‌ಮನ್ ಬಾಗಿಲಲ್ಲೇ ಹೇಳುತ್ತಿದ್ದ. ನನ್ನ ಲ್ಯಾಬಿನ ಕಿಟಕಿಗೆ ಬರುತ್ತಿದ್ದವರು ಈ ಎರಡೂ ಕಡೆಯವರಲ್ಲ. ಇಪ್ಪತ್ತು ವರ್ಷ ಬೀಡಿ ಸೇದಿದ ಅಜ್ಜ, ಉಬ್ಬಸದ ಹೆಂಗಸು, ಜಲ್ಲಿ ಕ್ರಷರಿನಲ್ಲಿ ದೂಳು ಕುಡಿದ ಕೂಲಿಯವನು, ಮಳೆಗಾಲದ ನೆಗಡಿ ಬಿಡದ ಮೇಷ್ಟರು. ಎಲ್ಲರಿಗೂ ಎರಡು ವಾರದಿಂದ ಕೆಮ್ಮು. ಇವರ ನಡುವೆ ಒಬ್ಬನಿಗೆ ಮಾತ್ರ ಟಿಬಿ. ಪರೀಕ್ಷೆ ಬೇಕಾದದ್ದು ಅಲ್ಲಿ.

ಇದು ನಿಮ್ಮೊಬ್ಬರ ತಪ್ಪಲ್ಲ, ದೊಡ್ಡ ದೊಡ್ಡವರೇ ಜಾರಿದ ಜಾಗ. ರಕ್ತದಲ್ಲಿ ಸಿಇಎ ಎಂಬ ವಸ್ತು ನೋಡಿ ದೊಡ್ಡ ಕರುಳಿನ ಕ್ಯಾನ್ಸರ್ ಹೇಳಬಹುದು ಎಂದು 1969ರಲ್ಲಿ ಪ್ರಕಟವಾದಾಗ ಬಹುತೇಕ ಎಲ್ಲ ರೋಗಿಗಳನ್ನೂ ಅದು ಹಿಡಿದಿತ್ತು. ಆಮೇಲೆ ಕ್ಯಾನ್ಸರ್ ಇನ್ನೂ ಮೊಳಕೆಯಲ್ಲಿರುವವರ ಮೇಲೆ, ಕರುಳಿನ ಬೇರೆ ಕಾಯಿಲೆಯವರ ಮೇಲೆ ನೋಡುತ್ತ ಹೋದಂತೆ ಆ ಮಿಂಚು ಇಳಿಯಿತು. ಈಗ ಅದನ್ನು ಕ್ಯಾನ್ಸರ್ ಹುಡುಕಲು ಬಳಸುವುದಿಲ್ಲ, ಚಿಕಿತ್ಸೆ ಆದವರನ್ನು ಹಿಂಬಾಲಿಸಿ ನೋಡಲು ಬಳಸುತ್ತಾರೆ. ಬಲಿತ ರೋಗಿಗಳನ್ನು ಒಂದು ಕಡೆ, ಆರೋಗ್ಯವಂತರನ್ನು ಇನ್ನೊಂದು ಕಡೆ ನಿಲ್ಲಿಸಿ ಮಾಡುವ ಅಧ್ಯಯನಗಳು ಪರೀಕ್ಷೆಯ ಶಕ್ತಿಯನ್ನು ಎಷ್ಟು ಉಬ್ಬಿಸುತ್ತವೆ ಎಂದು 1999ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಲೆಕ್ಕ ಹಾಕಿದರು. ಅವರ ಅಳತೆಯಲ್ಲಿ ಸುಮಾರು ಮೂರು ಪಟ್ಟು.

ಹಾಗಾಗಿ ನಿಯಮ ಸರಳ: ಬಾಗಿಲಿಗೆ ಬಂದವರನ್ನು ಬಂದ ಸರತಿಯಲ್ಲೇ, ಒಬ್ಬರನ್ನೂ ಬಿಡದೆ ತೆಗೆದುಕೊಳ್ಳಬೇಕು. ಆರಿಸಬಾರದು.

ಈಗ ನನ್ನ ಕೆಲಸದ ಜಾಗಕ್ಕೆ ಒಂದು ಗಳಿಗೆ ಬನ್ನಿ. ಕಫವನ್ನು ಕಡ್ಡಿಯಿಂದ ಸ್ಲೈಡಿನ ಮೇಲೆ ಸವರುತ್ತೇವೆ. ತೀರಾ ದಪ್ಪವಾದರೆ ಬೆಳಕು ಹಾಯುವುದಿಲ್ಲ, ತೆಳುವಾದರೆ ನೋಡಲು ಏನೂ ಉಳಿಯುವುದಿಲ್ಲ. ಒಣಗಿಸಿ, ಉರಿಯ ಮೇಲೆ ಹಾಯಿಸಿ, ಕಾರ್ಬಾಲ್ ಫುಕ್ಸಿನ್ ಸುರಿದು ಕೆಳಗಿನಿಂದ ಆವಿ ಏಳುವವರೆಗೆ ಕಾಯಿಸಬೇಕು. ಕುದಿಸಿದಿರೋ, ಸ್ಲೈಡು ಹಾಳು. ತೊಳೆದು, 25% ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಬೇರೆಲ್ಲದರ ಕೆಂಪು ಬಿಡುತ್ತದೆ, ಟಿಬಿ ಕ್ರಿಮಿಯದು ಬಿಡುವುದಿಲ್ಲ, ಅದರ ಮೈಯ ಮೇಣ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಮೆಥಿಲಿನ್ ಬ್ಲೂ. ಎಲ್ಲ ಸರಿಯಾಗಿದ್ದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು, ಒಮ್ಮೊಮ್ಮೆ ಎರಡು ಸೇರಿ ಇಂಗ್ಲಿಷಿನ ವಿ ಅಕ್ಷರದ ಹಾಗೆ. ಎಣ್ಣೆ ಹನಿಸಿ 100 ಫೀಲ್ಡ್ ನೋಡಬೇಕು. ನೂರರಲ್ಲಿ ಒಂದರಿಂದ ಒಂಬತ್ತು ಸಿಕ್ಕರೆ "ಸ್ಕ್ಯಾಂಟಿ" ಎಂದು ಬರೆದು ಎಣಿಕೆ ಹಾಕಬೇಕು, ಹತ್ತರಿಂದ ಮೇಲೆ 1+, ಹೀಗೆ. ಬೆಳಗಿನ ಸ್ಲೈಡಿಗೂ ಮಧ್ಯಾಹ್ನ ಮೂರು ಗಂಟೆಯ ಇಪ್ಪತ್ತನೇ ಸ್ಲೈಡಿಗೂ ಕಣ್ಣು ಒಂದೇ ಅಲ್ಲ. ಒಮ್ಮೆ ನಾನು ನೆಗೆಟಿವ್ ಬರೆದ ಸ್ಲೈಡಿನಲ್ಲಿ ನಮ್ಮ ಸೂಪರ್‌ವೈಸರ್ ನಾಲ್ಕು ಕಡ್ಡಿ ತೋರಿಸಿದರು. ಬಾಯಿ ಕಟ್ಟಿತು. ಆ ರೋಗಿಯ ಮನೆಗೆ ಹೆಲ್ತ್ ವಿಸಿಟರ್ ಜೊತೆ ನಾನೇ ಹೋಗಿದ್ದೆ.

ಇಷ್ಟೆಲ್ಲ ಮಾಡಿದರೂ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿ ಇದ್ದರೆ ಮಾತ್ರ ಮೈಕ್ರೋಸ್ಕೋಪಿಗೆ ಕಾಣುತ್ತದೆ. ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರಿಗೆ ಹತ್ತರಿಂದ ನೂರು ಸಾಕು. ನೀವು ಏನೇ ಕಟ್ಟಿದರೂ ಮೊದಲು ಇತ್ಯರ್ಥವಾಗಬೇಕಾದದ್ದು ಇದು: ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ, ಹತ್ತಿರದ ಸಂಬಂಧಿ ಕ್ರಿಮಿಗಳನ್ನು ಕಂಡು ಮೋಸ ಹೋಗುತ್ತದೆಯೇ, ಇವತ್ತು ಕೊಟ್ಟ ಉತ್ತರವನ್ನೇ ನಾಳೆಯೂ ಕೊಡುತ್ತದೆಯೇ, ಏಪ್ರಿಲ್ ತಿಂಗಳ ಪಾವಗಡದಲ್ಲಿ ಕರೆಂಟು ಹೋದ ಫ್ರಿಜ್ಜಿನೊಳಗೆ ಎಷ್ಟು ದಿನ ಬಾಳುತ್ತದೆ. ಇದು ಮೇಜಿನ ಮೇಲಿನ ಕೆಲಸ, ನೀವು ಚೆನ್ನಾಗಿಯೇ ಮಾಡುತ್ತೀರಿ. ರೋಗಿ ಇನ್ನೂ ಬಂದಿಲ್ಲ.

ರೋಗಿ ಬಂದ ತಕ್ಷಣ ಏನಾಗುತ್ತದೆ ಹೇಳುತ್ತೇನೆ. ಡಬ್ಬಿ ಕೊಟ್ಟು "ಕಫ ತಗೊಂಬನ್ನಿ" ಅಂದರೆ ಅರ್ಧಕ್ಕರ್ಧ ಜನ ಎಂಜಲು ಉಗಿದು ತರುತ್ತಾರೆ. ಹೆಂಗಸರಂತೂ ಜನರೆದುರು ಎದೆಯಾಳದಿಂದ ಕ್ಯಾಕರಿಸಲು ನಾಚುತ್ತಾರೆ. "ಅಕ್ಕಾ, ಬರಲ್ಲಕ್ಕಾ" ಎಂದು ನೀರಿನಂಥದ್ದನ್ನು ಕೊಟ್ಟು ಹೋಗುತ್ತಿದ್ದರು. ಎಂಜಲಲ್ಲಿ ಕ್ರಿಮಿ ಎಲ್ಲಿಂದ ಬರಬೇಕು? ಲ್ಯಾಬಿನ ಹಿಂದಿನ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ, ಉಸಿರು ಎಳೆದು ಹಿಡಿದು ಹೇಗೆ ಕೆಮ್ಮಬೇಕು ಎಂದು ನಾನೇ ಕೆಮ್ಮಿ ತೋರಿಸುತ್ತಿದ್ದೆ. ಇದು ನನ್ನ ಸ್ವಂತ ಚಾಳಿ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನೇ ಸರಿಯಾಗಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ್ದಾರೆ. ಕಫ ಹೇಗೆ ಕೊಡಬೇಕು ಎಂದು ಹೇಳಿಕೊಟ್ಟ ಹೆಂಗಸರಲ್ಲಿ ನೂರಕ್ಕೆ 13 ಮಂದಿಯ ಸ್ಲೈಡು ಪಾಸಿಟಿವ್ ಬಂತು, ಹೇಳಿಕೊಡದವರಲ್ಲಿ 8. ಯಂತ್ರ ಅದೇ, ಬಣ್ಣ ಅದೇ. ಎರಡು ನಿಮಿಷದ ಮಾತು ಇಷ್ಟು ಮಾಡಿತು. ನಿಮ್ಮ ಪೋಸ್ಟರಿನಲ್ಲಿ ಇಂಥದ್ದಕ್ಕೆ ಒಂದು ಚೌಕ ಇರಲಿಲ್ಲ.

ಮುಂದಿನದು ಒರೆಗಲ್ಲಿನ ಮಾತು. ಚಿನ್ನವೋ ಹಿತ್ತಾಳೆಯೋ ಎಂದು ಅಕ್ಕಸಾಲಿ ಒರೆಗಲ್ಲಿಗೆ ಉಜ್ಜುತ್ತಾನೆ. ನಿಮ್ಮ ಆಪನ್ನು ಯಾವುದಕ್ಕೆ ಉಜ್ಜಿ 97 ಅಂದಿರಿ? "ಡಾಕ್ಟರು ಟಿಬಿ ಅಂದಿದ್ದರು ಮೇಡಂ" ಅಂದರು ಹುಡುಗರು. ಯಾವ ಡಾಕ್ಟರು, ಏನು ನೋಡಿ? ಟಿಬಿಗೆ ಒರೆಗಲ್ಲು ಕಲ್ಚರ್, ಅಂದರೆ ಕಫದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವುದು. ಘನ ಮಾಧ್ಯಮದಲ್ಲಿ ಅದು ಕಣ್ಣಿಗೆ ಕಾಣಲು ಒಂದೆರಡು ತಿಂಗಳು ಹಿಡಿಯುತ್ತದೆ. ಅಷ್ಟು ಕಾಯಲಾಗದೆ ಸ್ಲೈಡನ್ನೇ ಒರೆಗಲ್ಲು ಮಾಡಿಕೊಂಡಿರಿ ಎನ್ನಿ. ಸ್ಲೈಡು ಬಿಟ್ಟುಬಿಡುವ ರೋಗಿಗಳು ಬಹಳ. ಅವರನ್ನು ನಿಮ್ಮ ಆಪ್ ಸರಿಯಾಗಿ ಹಿಡಿದರೂ ಲೆಕ್ಕದಲ್ಲಿ ಅದು ತಪ್ಪು ಎಂದೇ ಬೀಳುತ್ತದೆ. ಒರೆಗಲ್ಲು ಸವೆದಿದ್ದರೆ ಒಳ್ಳೆಯ ಚಿನ್ನಕ್ಕೂ ಕೆಟ್ಟ ಹೆಸರು. ಶ್ವಾಸಕೋಶದ ಹೊರಗಿನ ಟಿಬಿ, ಚಿಕ್ಕ ಮಕ್ಕಳ ಟಿಬಿ, ಇಲ್ಲೆಲ್ಲ ಒಪ್ಪುವಂಥ ಒರೆಗಲ್ಲೇ ಇಲ್ಲ. ಎಷ್ಟೋ ಒಳ್ಳೆಯ ತಲೆಗಳು ಅಲ್ಲಿ ಸಿಕ್ಕಿಹಾಕಿಕೊಂಡಿವೆ.

ಇನ್ನೊಂದು, ಒರೆ ಹಚ್ಚುವವನಿಗೆ ಉತ್ತರ ಮೊದಲೇ ಗೊತ್ತಿರಬಾರದು. ಹುಡುಗಿ ಹೇಳಿದ್ದಳು, ಅನುಮಾನ ಬಂದ ರೆಕಾರ್ಡಿಂಗುಗಳನ್ನು "ಕ್ಲೀನ್" ಮಾಡಿದೆವು ಎಂದು. ಯಾರದು ಟಿಬಿ ಕೆಮ್ಮು ಎಂದು ಗೊತ್ತಿದ್ದು ಕ್ಲೀನ್ ಮಾಡಿದಿರಾ, ಗೊತ್ತಿಲ್ಲದೆಯಾ? ನೀವೆಲ್ಲ ಬಾಯಿಪಾಠ ಮಾಡಿರುವ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಂಬ ಜೋಡಿ ಮಾತು ವೈದ್ಯಕೀಯದಲ್ಲಿ ಬೇರೂರಿದ್ದರ ಹಿಂದೆಯೂ ಟಿಬಿಯ ಇಂಥದೇ ಒಂದು ಜಗಳವಿದೆ. ಅಮೆರಿಕದಲ್ಲಿ ಊರಿಗೆ ಊರನ್ನೇ ಎಕ್ಸ್‌ರೇಗೆ ನಿಲ್ಲಿಸುತ್ತಿದ್ದ ಕಾಲ, ಯಾವ ಬಗೆಯ ಫಿಲ್ಮು ಒಳ್ಳೆಯದು ಎಂಬ ಪ್ರಶ್ನೆ ಎದ್ದಿತ್ತು. ಅನುಭವಿ ಡಾಕ್ಟರುಗಳಿಗೆ ಅವೇ ಎಕ್ಸ್‌ರೇಗಳನ್ನು ಓದಲು ಕೊಟ್ಟರು. ಒಬ್ಬರು ಟಿಬಿ ಅಂದದ್ದನ್ನು ಇನ್ನೊಬ್ಬರು ಅಲ್ಲ ಅಂದರು. ಸ್ವಲ್ಪ ದಿನ ಬಿಟ್ಟು ಅವೇ ಫಿಲ್ಮು ಕೊಟ್ಟರೆ ತಾವೇ ಮೊದಲು ಹೇಳಿದ್ದಕ್ಕೆ ವಿರುದ್ಧ ಹೇಳಿದರು. ಫಿಲ್ಮುಗಳ ನಡುವಿನ ವ್ಯತ್ಯಾಸಕ್ಕಿಂತ ಕಣ್ಣುಗಳ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಜೇಕಬ್ ಯೆರುಷಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞ 1947ರಲ್ಲಿ ಈ ಗೋಜಲನ್ನು ಬಿಡಿಸಲು ಕೂತಾಗ ಆ ಎರಡು ಮಾತುಗಳನ್ನು ಅಳತೆಗೋಲಾಗಿ ಬಳಸಿದ. ಕನ್ನಡ ಪುಸ್ತಕಗಳಲ್ಲಿ ಅವಕ್ಕೆ ಸಂವೇದನಶೀಲತೆ, ನಿರ್ದಿಷ್ಟತೆ ಎಂದೆಲ್ಲ ಇದೆ. ನಾನು ನನ್ನ ಜೂನಿಯರುಗಳಿಗೆ ಹೇಳುತ್ತಿದ್ದದ್ದು ಬೇರೆ. ರೋಗ ಇದ್ದವರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ? ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಮನೆಗೆ ಕಳಿಸುತ್ತದೆ? ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲ. ಜರಡಿಯ ಕಣ್ಣು ಸಣ್ಣ ಮಾಡಿದರೆ ರಾಗಿಯ ಜೊತೆ ಕಲ್ಲೂ ಉಳಿಯುತ್ತದೆ.

ನಿಮ್ಮ 97 ಈ ಎರಡರಲ್ಲಿ ಯಾವುದೂ ಅಲ್ಲ, ಎರಡನ್ನೂ ಕಲಸಿದ "ನಿಖರತೆ". ಅದು ಎಷ್ಟು ಪೊಳ್ಳು ಎಂದು ತೋರಿಸಲು ಒಂದು ಲೆಕ್ಕ. 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಟಿಬಿ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ದಾಟಿದ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಟಿಬಿ. ಸಾವಿರಕ್ಕೆ ಮೂರು ಎನ್ನಿ. ಈಗ ನಾನು ಒಂದು ಊರಿಗೆ ಹೋಗಿ, ಕಣ್ಣು ಮುಚ್ಚಿಕೊಂಡು, ಸಾವಿರ ಜನರಿಗೂ "ನಿಮಗೆ ಟಿಬಿ ಇಲ್ಲ" ಎಂದು ಹೇಳಿ ಬರುತ್ತೇನೆ. ನನ್ನ ನಿಖರತೆ 99.7%. ನಿಮಗಿಂತ ಜಾಸ್ತಿ, ಫೋನೂ ಬೇಡ. ಹಿಡಿಯಬೇಕಾದ ಮೂವರಲ್ಲಿ ಒಬ್ಬರನ್ನೂ ಹಿಡಿಯಲಿಲ್ಲ ಅಷ್ಟೆ.

ಹೋಗಲಿ, ಎರಡೂ ಕಡೆ 97 ಎಂದೇ ಇಟ್ಟುಕೊಳ್ಳಿ. ಎದೆರೋಗದ ಕ್ಲಿನಿಕ್ಕಿಗೆ ಬಂದ ಸಾವಿರ ಕೆಮ್ಮಿನವರಲ್ಲಿ ನೂರು ಜನಕ್ಕೆ ಟಿಬಿ ಇದೆ ಅನ್ನಿ. ನಿಮ್ಮ ಆಪ್ 97 ಜನರನ್ನು ಹಿಡಿಯುತ್ತದೆ, ಟಿಬಿ ಇಲ್ಲದ 900ರಲ್ಲಿ 27 ಜನರಿಗೆ ಸುಳ್ಳೇ ಕೆಂಪು ತೋರಿಸುತ್ತದೆ. ಕೆಂಪು ಕಂಡ ನಾಲ್ವರಲ್ಲಿ ಮೂವರಿಗಂತೂ ಕಾಯಿಲೆ ಇದೆ, ಪರವಾಗಿಲ್ಲ. ಅದೇ ಫೋನನ್ನು ಹಳ್ಳಿಯ ಶಿಬಿರಕ್ಕೆ ಒಯ್ಯಿರಿ. ಸಾವಿರದಲ್ಲಿ ಮೂವರು ನಿಜವಾದ ರೋಗಿಗಳು, ಮೂವರೂ ಸಿಕ್ಕರು. ಉಳಿದ 997 ಜನರಲ್ಲಿ 30 ಮಂದಿಗೆ ಸುಳ್ಳು ಕೆಂಪು. ಹನ್ನೊಂದು ಜನರ ಎದೆ ಒಡೆದರೆ ಒಬ್ಬನಿಗೆ ಕಾಯಿಲೆ. ಆಪ್ ಬದಲಾಗಲಿಲ್ಲ, ನಿಂತ ಜಾಗ ಬದಲಾಯಿತು. ಹಾಗೆಂದು ಶಿಬಿರಕ್ಕೆ ಒಯ್ಯಲೇಬಾರದು ಎಂದಲ್ಲ. ಕೆಂಪು ಕಂಡವರಿಗೆ ಮಾತ್ರೆ ಕೊಡದೆ ಇನ್ನೊಂದು ಗಟ್ಟಿ ಪರೀಕ್ಷೆಗೆ ಕಳಿಸುವುದಾದರೆ ಮೊದಲ ಜರಡಿಯಾಗಿ ಅದಕ್ಕೂ ಬೆಲೆ ಇದೆ. ಎಲ್ಲಿ ನಿಲ್ಲಿಸುತ್ತೀರಿ ಎಂದು ಕಟ್ಟುವ ಮೊದಲೇ ಬರೆದಿಡಬೇಕು, ಆಮೇಲಲ್ಲ.

ಸುಳ್ಳು ಕೆಂಪಿನ ಬೆಲೆ ಏನು ಎಂದು ನನಗೆ ಗೊತ್ತಿರುವುದು ಒಂದು ಹೆಣ್ಣುಮಗಳಿಂದ. ಹೊಸದಾಗಿ ಮದುವೆಯಾದವಳು. ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟು, ಕಾರ್ಡಿನ ಮೇಲೆ ಎರಡು ಗೆರೆ ಬಂತು, ಟಿಬಿ ಅಂದರು. ಗಂಡನ ಮನೆಯವರು ತವರಿಗೆ ಬಿಟ್ಟು ಹೋದರು. ಎರಡು ತಿಂಗಳು ಮಾತ್ರೆ ನುಂಗಿ, ಕಣ್ಣು ಹಳದಿಯಾಗಿ ನಮ್ಮಲ್ಲಿಗೆ ಬಂದಳು. ಮೂರು ಸಲ ಕಫ ನೋಡಿದೆ, ಕಲ್ಚರಿಗೆ ಕಳಿಸಿದೆವು, ಎಕ್ಸ್‌ರೇ ಆಯಿತು. ಎಲ್ಲೂ ಏನೂ ಸಿಗಲಿಲ್ಲ. ಡಾಕ್ಟರು ಮಾತ್ರೆ ನಿಲ್ಲಿಸಿದರು. ಟಿಬಿ ಇಲ್ಲ ಎಂದು ಬರೆದ ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ತಾಳಿಯ ಪಕ್ಕ, ರವಿಕೆಯೊಳಗೆ ಇಟ್ಟುಕೊಂಡಳು. ಗಂಡನ ಮನೆಯವರು ಆ ಕಾಗದವನ್ನು ನಂಬಿದರೋ ಇಲ್ಲವೋ, ಅವಳು ಮತ್ತೆ ಬರಲಿಲ್ಲ.

ಆ ಎರಡು ಗೆರೆಯ ಕಾರ್ಡಿನ ಕಥೆ ನಿಮಗೆ ಪಾಠವಾಗಬೇಕು. ರಕ್ತದಲ್ಲಿ ಟಿಬಿಯ ವಿರುದ್ಧ ಹುಟ್ಟಿದ ಪ್ರತಿಕಾಯ ಹುಡುಕುವ ಕಿಟ್ಟುಗಳು ಅವು. ಹೆಚ್ಚಿನವನ್ನು ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ ತಯಾರಿಸಿ ನಮ್ಮಂಥ ದೇಶಗಳಿಗೆ ಮಾರುತ್ತಿದ್ದರು, ಯಾವ ಮಾನ್ಯ ನಿಯಂತ್ರಣ ಸಂಸ್ಥೆಯೂ ಒಪ್ಪಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ರಿಮಿ ಹೊಕ್ಕು ಮಲಗಿರುತ್ತದೆ, ಕಾಯಿಲೆ ಆಗಿರುವುದಿಲ್ಲ. ಅವರ ರಕ್ತದಲ್ಲೂ ಪ್ರತಿಕಾಯ ಇರಬಹುದು. ಅತ್ತ ನಿಜವಾದ ರೋಗಿಯಲ್ಲಿ ಕಾಣದೆಯೂ ಹೋಗಬಹುದು. ಆದರೂ ಕಂಪನಿಯ ಹಾಳೆಯಲ್ಲಿ ಅಂಕಿ ಅಂದವಾಗಿರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 94 ಅಧ್ಯಯನಗಳನ್ನು ಜಾಲಾಡಿ, 2011ರ ಜುಲೈನಲ್ಲಿ, ಇವನ್ನು ಬಳಸಲೇಬೇಡಿ ಅಂದಿತು. ಟಿಬಿಯ ವಿಷಯದಲ್ಲಿ ಅದು ಬೇಡ ಎಂದು ಸಾರಿದ್ದು ಅದೇ ಮೊದಲು. ಭಾರತ 2012ರ ಜೂನ್‌ನಲ್ಲಿ ತಯಾರಿಕೆ, ಮಾರಾಟ, ಆಮದು ಎಲ್ಲವನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ಸಂಶೋಧಕರು ಒಂದು ಲೆಕ್ಕ ಹಾಕಿದ್ದರು: ಭಾರತದಲ್ಲಿ ಟಿಬಿ ಶಂಕೆಯ 15 ಲಕ್ಷ ಜನರಿಗೆ ಸ್ಲೈಡಿನ ಬದಲು ಈ ರಕ್ತಪರೀಕ್ಷೆ ಮಾಡಿದರೆ 14,000 ರೋಗಿಗಳು ಹೆಚ್ಚು ಸಿಗಬಹುದು, ಜೊತೆಗೆ 1,21,000 ಜನ ಹೆಚ್ಚಾಗಿ ಸುಳ್ಳೇ ರೋಗಿಗಳಾಗುತ್ತಾರೆ, ಖರ್ಚು ಸುಮಾರು ನಾಲ್ಕು ಪಟ್ಟು. ನನ್ನ ಪಾಲಿಗೆ ಆ 1,21,000ದಲ್ಲಿ ಒಬ್ಬಳಿಗೆ ಮುಖ ಇದೆ.

ಹಾಗಾದರೆ ಸರಿಯಾಗಿ ಕಟ್ಟುವುದು ಹೇಗಿರುತ್ತದೆ? ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರ ನೀವು ನೋಡಿರಬಹುದು. ಕಫವನ್ನು ಕಾರ್ಟ್ರಿಜ್ಜಿಗೆ ಹಾಕಿದರೆ ಎರಡು ಗಂಟೆಯೊಳಗೆ ಟಿಬಿ ಇದೆಯೋ, ರಿಫಾಂಪಿಸಿನ್ ಎಂಬ ಟಿಬಿ ಔಷಧಿಗೆ ಬಗ್ಗುತ್ತದೆಯೋ ಎರಡೂ ಹೇಳುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೆರು, ಅಜರ್‌ಬೈಜಾನ್, ದಕ್ಷಿಣ ಆಫ್ರಿಕಾ, ಭಾರತದ 1,730 ಜನ ಇದ್ದರು, ಒರೆಗಲ್ಲು ಕಲ್ಚರ್. ಸ್ಲೈಡಿನಲ್ಲೂ ಪಾಸಿಟಿವ್ ಇದ್ದವರಲ್ಲಿ ಒಂದೇ ಸಲಕ್ಕೆ 98.2% ಹಿಡಿಯಿತು. ಸ್ಲೈಡು ಬಿಟ್ಟುಬಿಟ್ಟವರಲ್ಲಿ 72.5%. ಎರಡು ಅಂಕಿಯನ್ನೂ ಬೇರೆ ಬೇರೆ ಕೊಟ್ಟರು ನೋಡಿ, ಕಲಸಲಿಲ್ಲ. ಸುಲಭದವರನ್ನು ಹಿಡಿಯುವುದು ಬೇರೆ, ಕಷ್ಟದವರನ್ನು ಹಿಡಿಯುವುದು ಬೇರೆ.

ಅಷ್ಟಕ್ಕೇ ಮುಗಿಯಲಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಪರೀಕ್ಷೆ ಸರಿಯಾಗಿ ಹೇಳಿತು, ಅದರಿಂದ ರೋಗಿಗೆ ಏನಾಯಿತು? ಇದನ್ನು ಕೇಳಲು ಆಫ್ರಿಕಾದಲ್ಲಿ ದೊಡ್ಡ ಪ್ರಯೋಗಗಳೇ ನಡೆದವು, ಕೆಲವರಿಗೆ ಹಳೆಯ ಮೈಕ್ರೋಸ್ಕೋಪು, ಕೆಲವರಿಗೆ ಹೊಸ ಯಂತ್ರ. 2014ರಲ್ಲಿ ಒಂದರ ಫಲಿತಾಂಶ ಬಂತು. ಚಿಕಿತ್ಸೆ ಅದೇ ದಿನ ಶುರುವಾದವರು ಹೆಚ್ಚಾದರು, ಕಾಯಿಲೆಯ ನರಳಾಟ ಮಾತ್ರ ಕಡಿಮೆಯಾಗಲಿಲ್ಲ. ಮರುವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದರಲ್ಲಿ ಸಾವಿನ ಸಂಖ್ಯೆಯಲ್ಲೂ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಸುಳ್ಳಾಡಿದ್ದಲ್ಲ. ಸ್ಲೈಡು ನೆಗೆಟಿವ್ ಬಂದರೂ ಅಲ್ಲಿನ ಡಾಕ್ಟರುಗಳು ಎದೆಗೆ ಕಿವಿಗೊಟ್ಟು, ಮುಖ ನೋಡಿ, ಅಂದಾಜಿನಲ್ಲಿ ಮಾತ್ರೆ ಶುರುಮಾಡಿಬಿಡುತ್ತಿದ್ದರು. ಪಾಸಿಟಿವ್ ಬಂದ ಕೆಲವರು ಮತ್ತೆ ಕ್ಲಿನಿಕ್ಕಿನತ್ತ ಬರಲೇ ಇಲ್ಲ. ಯಂತ್ರ ಎಷ್ಟೇ ಜಾಣ ಆದರೂ ರೋಗಿಯ ಮನೆಯವರೆಗೆ ನಡೆದುಕೊಂಡು ಹೋಗುವುದಿಲ್ಲ.

ಈಗ ನಮ್ಮ ಮನೆಯಂಗಳದ ಕಥೆ. ಟ್ರೂನ್ಯಾಟ್ ನಿಮಗೆ ಗೊತ್ತಿರಬೇಕು, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಬೆಂಗಳೂರಿನ ಬಿಗ್‌ಟೆಕ್‌ನವರು ಕಟ್ಟಿದ್ದು, ಗೋವಾದ ಮೋಲ್ಬಯೋ ತಯಾರಿಸುವುದು. ಬ್ಯಾಟರಿಯಲ್ಲಿ ನಡೆಯುತ್ತದೆ, ಏಸಿ ಕೋಣೆ ಬೇಡ. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪುವ ಮೊದಲು ಭಾರತ, ಪೆರು, ಇಥಿಯೋಪಿಯಾ, ಪಪುವಾ ನ್ಯೂಗಿನಿಗಳಲ್ಲಿ ಒರೆಗೆ ಹಚ್ಚಿದರು. ಹಚ್ಚಿದ್ದು ದೊಡ್ಡ ಸಂಸ್ಥೆಯ ಹೊಳೆಯುವ ಲ್ಯಾಬಿನಲ್ಲಿ ಮಾತ್ರವಲ್ಲ, ನನ್ನದರಂಥ ಮೈಕ್ರೋಸ್ಕೋಪಿ ಕೇಂದ್ರಗಳಲ್ಲಿ, ನನ್ನಂಥವರ ಕೈಯಲ್ಲಿ. ಕಲ್ಚರಿಗೆ ಹೋಲಿಸಿದಾಗ ಅದರ ಒಂದು ಚಿಪ್ ರೋಗಿಗಳಲ್ಲಿ 73% ಹಿಡಿಯಿತು, ಇನ್ನೊಂದು 80%. ಸ್ಲೈಡು ನೆಗೆಟಿವ್ ಇದ್ದವರಲ್ಲಿ 36 ಮತ್ತು 47 ಅಷ್ಟೆ. ಅದನ್ನೂ ಮುಚ್ಚಿಡದೆ ಅಚ್ಚು ಹಾಕಿದರು.

ನಿಮ್ಮ ಪೋಸ್ಟರಿನ 97ರ ಪಕ್ಕ ಆ 73 ಇಟ್ಟು ನೋಡಿ. ನನಗೆ 73 ದೊಡ್ಡದಾಗಿ ಕಾಣುತ್ತದೆ. ಅದರ ಹಿಂದೆ ಬಾಗಿಲಿಗೆ ಬಂದ ಜನ ಇದ್ದಾರೆ, ತಿಂಗಳುಗಟ್ಟಲೆ ಬೆಳೆಸಿದ ಕಲ್ಚರ್ ಇದೆ, ಮೂರು ಗಂಟೆಯ ದಣಿದ ಟೆಕ್ನಿಷಿಯನ್ ಇದ್ದಾಳೆ. ಅದನ್ನು ಹಿಡಿದುಕೊಂಡು ನಾನು ರೋಗಿಯ ಮುಂದೆ ನಿಲ್ಲಬಲ್ಲೆ: ನೂರರಲ್ಲಿ ಇಪ್ಪತ್ತೇಳು ಜನರನ್ನು ಇದು ಬಿಡಬಹುದು, ಕೆಮ್ಮು ನಿಲ್ಲದಿದ್ದರೆ ಮತ್ತೆ ಬಾಮ್ಮಾ ಎಂದು ಹೇಳಬಲ್ಲೆ. 97 ಹಿಡಿದುಕೊಂಡು ಏನು ಹೇಳಲಿ?

ಕಾನೂನಿನ ಮಾತೂ ಒಂದಿದೆ. ಬರೀ ಆಪ್ ತಾನೇ ಎಂದು ಜಾರಿಕೊಳ್ಳುವಂತಿಲ್ಲ. 2020ರ ಏಪ್ರಿಲ್‌ನಿಂದ ರೋಗಪತ್ತೆಯ ಸಾಫ್ಟ್‌ವೇರೂ ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನವೇ. ರೋಗಿಯ ಕೆಮ್ಮು ರೆಕಾರ್ಡ್ ಮಾಡಲೂ ಎಥಿಕ್ಸ್ ಕಮಿಟಿಯ ಒಪ್ಪಿಗೆ, ರೋಗಿಯ ಸಹಿ ಬೇಕು. ಹಾಸ್ಟೆಲಿನ ಹುಡುಗರಿಂದಲೂ ಬೇಕು.

ಕೊನೆಗೆ ನಮ್ಮ ತುಮಕೂರು ಜಿಲ್ಲೆಯದೇ ಒಂದು ಹಳೆಯ ಕೆಲಸ ನೆನಪಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಇಲ್ಲಿನ ಹಳ್ಳಿಗಳ ಟಿಬಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಪರಿವೆ ಇರುವುದಿಲ್ಲ, ನಾವೇ ಎಕ್ಸ್‌ರೇ ವ್ಯಾನಿನಲ್ಲಿ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಆಗ ಇತ್ತು. ಇವರು ಕಂಡದ್ದು ಬೇರೆ. ಹೆಚ್ಚಿನವರಿಗೆ ತಮ್ಮ ಮೈ ಸರಿಯಿಲ್ಲ ಎಂದು ಗೊತ್ತಿತ್ತು, ಹೆಚ್ಚುಕಡಿಮೆ ಅರ್ಧದಷ್ಟು ಜನ ಆಸ್ಪತ್ರೆಗೂ ಹೋಗಿ ಬಂದಿದ್ದರು, ಕೆಮ್ಮಿನ ಔಷಧಿಯ ಸೀಸೆ ಹಿಡಿದು. ಬಂದವರ ಕಫವನ್ನಾದರೂ ನೋಡಿ ಎಂಬುದು ಅದರಿಂದ ಹೊರಟ ದಾರಿ. ನನ್ನ ಲ್ಯಾಬು, ನನ್ನ ಸಂಬಳ, ಆ ದಾರಿಯಲ್ಲಿ ಬಂದವು. ಅವರು ಹೊಸ ಯಂತ್ರ ಕಟ್ಟಲಿಲ್ಲ, ಜನ ಎಲ್ಲಿ ನಿಂತಿದ್ದಾರೆ ಎಂದು ಮೊದಲು ನೋಡಿದರು.

ನಾಲ್ವರೂ ಬನ್ನಿ, ಬೇರೆಯವರೂ ಬರಬಹುದು. ನನ್ನ ಜಾಗದಲ್ಲಿ ಈಗಿರುವ ಹುಡುಗಿಗೆ ಹೇಳಿದ್ದೇನೆ, ಆಸ್ಪತ್ರೆಯ ಡಾಕ್ಟರಿಗೂ ಹೇಳಿದ್ದೇನೆ, ಕಾಗದಪತ್ರ ನೀವು ಮಾಡಿಸಿಕೊಂಡರೆ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬು ತೆರೆಯುತ್ತದೆ, ಕಫದ ಡಬ್ಬಿಗಳು ಹತ್ತರೊಳಗೆ ಬಂದುಬಿಡುತ್ತವೆ. ಮಾಸ್ಕ್ ತನ್ನಿ, ಒಳ್ಳೆಯದನ್ನೇ ತನ್ನಿ. ಕಿಟಕಿಗೆ ಬಂದವರನ್ನೆಲ್ಲ ಸರತಿಯಂತೆ ಕೆಮ್ಮಿಸಿ ರೆಕಾರ್ಡ್ ಮಾಡಿಕೊಳ್ಳಿ, ಯಾರದು ಏನು ಎಂದು ಆ ಹುಡುಗಿ ನಿಮಗೆ ಹೇಳುವುದಿಲ್ಲ, ಕಲ್ಚರ್ ರಿಪೋರ್ಟ್ ಬರುವವರೆಗೆ ಲಕೋಟೆ ನನ್ನ ಬಳಿ ಇರುತ್ತದೆ. ರೆಕಾರ್ಡಿಂಗನ್ನು ಹೊಂಗೆ ಮರದ ಹತ್ತಿರ ಇಟ್ಟುಕೊಳ್ಳಿ. ಅಲ್ಲಿ ಗಾಳಿ ಇದೆ, ಫ್ಯಾನಿಲ್ಲ.

ಇತಿ ನಿಮ್ಮ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ತುಮಕೂರು ಜಿಲ್ಲೆ